ಮನೆಗೆ ಡಿವಿಆರ್: ಜೋಡಣೆ ಸುಲಭ, ಜೋಪಾನ ಮುಖ್ಯ

ಮಧುಗಿರಿ: ನಿಡುಗಲ್, ಪಾವಗಡ, ಮಧುಗಿರಿ, ಮಿಡಿಗೇಶಿ ಬೆಟ್ಟಗಳ ಕೋಟೆಗಳಲ್ಲಿ ಒಂದು ಕಾಲಕ್ಕೆ ಬತೇರಿಯ ಮೇಲೆ ನಿಂತ ಕಾವಲುಗಾರರು ಬಯಲನ್ನು ಕಾಯುತ್ತಿದ್ದರು. ಇಂದು ಅದೇ ಬೆಟ್ಟಗಳ ತಪ್ಪಲಿನ ಊರುಗಳಲ್ಲಿ ಸಜ್ಜೆಯ ಕೆಳಗೆ ಕೂತ ಪುಟ್ಟ ಕ್ಯಾಮೆರಾಗಳು ಆ ಕೆಲಸಕ್ಕೆ ನಿಂತಿವೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಮಕ್ಕಳು ಉದ್ಯೋಗಕ್ಕೆಂದು ಬೆಂಗಳೂರು, ತುಮಕೂರು ಸೇರಿದ ಮನೆಗಳು ಅನೇಕ. ಊರಿನ ಮನೆಯಲ್ಲಿ ವಯಸ್ಸಾದ ತಂದೆ-ತಾಯಿ ಇರುತ್ತಾರೆ, ಇಲ್ಲವೇ ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಹಬ್ಬಕ್ಕೋ, ದಂಡಿನ ಮಾರಮ್ಮನ ಜಾತ್ರೆಗೋ ಬಂದ ಮಕ್ಕಳು ನಾಲ್ಕು ಕ್ಯಾಮೆರಾ ಹಾಕಿಸಿ, ಮೊಬೈಲ್‌ನಲ್ಲಿ ಚಿತ್ರ ಕಂಡೊಡನೆ ನೆಮ್ಮದಿಯಿಂದ ಹಿಂದಿರುಗುತ್ತಾರೆ.

ಆದರೆ ನಿಜವಾದ ಪರೀಕ್ಷೆ ಎದುರಾಗುವುದು ಏನಾದರೂ ಅನಾಹುತ ಸಂಭವಿಸಿದ ಮರುದಿನ. ಆ ರಾತ್ರಿಯ ದೃಶ್ಯ ಬೇಕೆಂದು ಪೊಲೀಸರು ಕೇಳಿದಾಗ, ಕರೆಂಟ್ ಹೋಗಿದ್ದರಿಂದ ಮುದ್ರಣವೇ ಆಗಿರುವುದಿಲ್ಲ, ಅಥವಾ ಹಳೆಯ ದೃಶ್ಯದ ಮೇಲೆ ಹೊಸದು ಮುದ್ರಿತವಾಗಿರುತ್ತದೆ, ಇಲ್ಲವೇ ಪರದೆಯ ಮೇಲಿನ ಗಂಟೆ ತಪ್ಪಾಗಿರುತ್ತದೆ. ನೋಡುವುದು ಕ್ಯಾಮೆರಾ, ನೆನಪಿಟ್ಟುಕೊಳ್ಳುವುದು ಡಿವಿಆರ್. ಆ ನೆನಪು ಬೇಕಾದ ದಿನ ಕೈಗೆ ಸಿಗುವಂತೆ ಡಿವಿಆರ್ ಜೋಡಿಸುವುದು ಹೇಗೆ ಎಂಬ ವಿವರ ಇಲ್ಲಿದೆ.

ಏನಿದು ಡಿವಿಆರ್?

ಡಿಜಿಟಲ್ ವಿಡಿಯೊ ರೆಕಾರ್ಡರ್ ಎಂಬುದರ ಸಂಕ್ಷಿಪ್ತ ರೂಪವೇ ಡಿವಿಆರ್. ಈ ಹೆಸರು ಮೊದಲು ಮನೆಮಾತಾದದ್ದು ಟಿವಿ ಕಾರ್ಯಕ್ರಮಗಳನ್ನು ಮುದ್ರಿಸಿಕೊಳ್ಳುವ ಯಂತ್ರದಿಂದ. ಅಮೆರಿಕದಲ್ಲಿ 1999ರಲ್ಲಿ ಟಿವೊ ಮಾರುಕಟ್ಟೆಗೆ ಬಂತು. ಭಾರತದಲ್ಲಿ 2008ರಲ್ಲಿ ಟಾಟಾ ಸ್ಕೈ ಪ್ಲಸ್ ಪೆಟ್ಟಿಗೆ ಅದೇ ಸೌಲಭ್ಯ ನೀಡಿತು. ಈಗ ನಮ್ಮ ಊರುಗಳಲ್ಲಿ ಡಿವಿಆರ್ ಎಂದರೆ ಸಾಮಾನ್ಯವಾಗಿ ಸಿಸಿ ಕ್ಯಾಮೆರಾಗಳ ಪೆಟ್ಟಿಗೆ ಎಂದೇ ಅರ್ಥ. ತತ್ವ ಒಂದೇ: ಒಳಬರುವ ಚಿತ್ರವನ್ನು ಕುಗ್ಗಿಸಿ ಹಾರ್ಡ್ ಡಿಸ್ಕ್‌ನಲ್ಲಿ ದಿನಾಂಕ, ಸಮಯ ಸಹಿತ ಶೇಖರಿಸುವುದು.

ಡಿವಿಆರ್‌ಗೆ ಕ್ಯಾಮೆರಾದ ಚಿತ್ರ ಟಿವಿ ಕೇಬಲ್‌ನಂತಹ ಕೋಆಕ್ಸಿಯಲ್ ತಂತಿಯಲ್ಲಿ ಬರುತ್ತದೆ. ಕಂಪ್ಯೂಟರ್ ಜಾಲದ ತಂತಿಯಲ್ಲಿ ಚಿತ್ರ ಪಡೆಯುವ ಪೆಟ್ಟಿಗೆಗೆ ಎನ್‌ವಿಆರ್ ಎಂದು ಹೆಸರು. ಎರಡೂ ಬಗೆಯ ಕ್ಯಾಮೆರಾಗಳು ಎಲ್ಲ ಪೆಟ್ಟಿಗೆಗಳಿಗೂ ಹೊಂದುವುದಿಲ್ಲವಾದ್ದರಿಂದ ಕೊಳ್ಳುವ ಮುನ್ನವೇ ಅಂಗಡಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು.

ಬೇಕಾಗುವ ಸಾಮಗ್ರಿ

ಸಾಧಾರಣ ಮನೆಗೆ ನಾಲ್ಕು ಚಾನಲ್‌ನ ಡಿವಿಆರ್ ಸಾಕು. ಮುಂಬಾಗಿಲು, ಗೇಟು, ಹಿತ್ತಲು, ವಾಹನ ನಿಲ್ಲಿಸುವ ಜಾಗ ಇವಿಷ್ಟಕ್ಕೆ ನಾಲ್ಕು ಕ್ಯಾಮೆರಾ. ತೋಟದ ಮನೆಯಾದರೆ ಮೋಟಾರ್ ಶೆಡ್ಡು, ಕಣ, ಕೊಟ್ಟಿಗೆಯ ಕಡೆಗೂ ಬೇಕಾಗಬಹುದು. ಆಗ ಎಂಟು ಚಾನಲ್‌ನದು ಕೊಳ್ಳುವುದು ದೂರದೃಷ್ಟಿ. ಇದರೊಡನೆ 3+1 ಎಂದು ಕರೆಯಲಾಗುವ ಕೇಬಲ್ (ಚಿತ್ರಕ್ಕೆ ಒಂದು ತಂತಿ, ವಿದ್ಯುತ್ ಮತ್ತು ಧ್ವನಿಗೆ ಮೂರು ತಂತಿ), ಬಿಎನ್‌ಸಿ ಪಿನ್, ಡಿಸಿ ಪಿನ್, ಕ್ಯಾಮೆರಾಗಳಿಗೆ 12 ವೋಲ್ಟ್ ನೀಡುವ ಎಸ್‌ಎಂಪಿಎಸ್, ಹಾರ್ಡ್ ಡಿಸ್ಕ್ ಮತ್ತು ನೋಡಲು ಟಿವಿ ಬೇಕು. ಹಾರ್ಡ್ ಡಿಸ್ಕ್ ಹಗಲಿರುಳೂ ಬರೆಯುವ ಕೆಲಸಕ್ಕೆಂದೇ ತಯಾರಾದ ಕಣ್ಗಾವಲು ಬಗೆಯದಾಗಿರಬೇಕು. ಹಳೆಯ ಕಂಪ್ಯೂಟರ್‌ನಿಂದ ಬಿಚ್ಚಿದ ಡಿಸ್ಕ್ ಹಾಕುವುದು ಉಳಿತಾಯವಲ್ಲ.

ಎಷ್ಟು ದಿನದ ದಾಖಲೆ?

ಬಹುತೇಕರು ಕೇಳದೆ ಬಿಡುವ ಪ್ರಶ್ನೆ ಇದು. ಲೆಕ್ಕ ಕಷ್ಟವಲ್ಲ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರವನ್ನು ಸೆಕೆಂಡಿಗೆ 4 ಮೆಗಾಬಿಟ್ ವೇಗದಲ್ಲಿ ಮುದ್ರಿಸಿದರೆ ಒಂದು ದಿನಕ್ಕೆ ಸುಮಾರು 43 ಜಿಬಿ ಬೇಕು. ನಾಲ್ಕು ಕ್ಯಾಮೆರಾಕ್ಕೆ 173 ಜಿಬಿ. ಅಂದರೆ 1 ಟಿಬಿ ಡಿಸ್ಕ್ ಆರು ದಿನ ತುಂಬುವ ಮೊದಲೇ ಭರ್ತಿಯಾಗುತ್ತದೆ. ಬಳಿಕ ಡಿವಿಆರ್ ಅತಿ ಹಳೆಯ ದೃಶ್ಯವನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆಯುತ್ತ ಹೋಗುತ್ತದೆ.

ಹತ್ತು ದಿನದ ಪ್ರವಾಸ ಮುಗಿಸಿ ಬಂದು ಬೀಗ ಮುರಿದಿರುವುದನ್ನು ಕಂಡವರಿಗೆ ಆರು ದಿನದ ದಾಖಲೆಯಿಂದ ಪ್ರಯೋಜನವಾಗದೆ ಹೋಗಬಹುದು. ಎಚ್.265 ಎಂಬ ಹೊಸ ಸಂಕೋಚನ ವಿಧಾನವನ್ನು ಆಯ್ದು ವೇಗವನ್ನು 2 ಮೆಗಾಬಿಟ್‌ಗೆ ಇಳಿಸಿದರೆ ಅದೇ 1 ಟಿಬಿ ಡಿಸ್ಕ್ ಸುಮಾರು 11 ದಿನಕ್ಕೆ ಸಾಲುತ್ತದೆ. ಚಲನೆ ಕಂಡಾಗ ಮಾತ್ರ ಮುದ್ರಿಸುವಂತೆ ಮಾಡಿದರೆ ಇನ್ನಷ್ಟು ದಿನ ಬರುತ್ತದೆ. ಆದರೆ ಮರದ ಕೊಂಬೆ ಅಲುಗಾಡುವ ಕಡೆ ಈ ಉಳಿತಾಯ ಹೆಚ್ಚಿರುವುದಿಲ್ಲ. ಜನ ಹೆಚ್ಚಾಗಿ ಸೇರುವ ಸಂಸ್ಥೆಗಳು ದೃಶ್ಯಗಳನ್ನು 30 ದಿನ ಕಾಪಾಡಬೇಕೆಂದು ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳು) ಜಾರಿ ಅಧಿನಿಯಮ, 2017 ವಿಧಿಸಿದೆ. ವಾಸದ ಮನೆಗೆ ಈ ಕಟ್ಟಳೆ ಇಲ್ಲ. ಆದರೂ ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ನಾಲ್ಕು ಕ್ಯಾಮೆರಾದ ಮನೆಗೆ 3 ಅಥವಾ 4 ಟಿಬಿ ಡಿಸ್ಕ್ ಬೇಕಾಗುತ್ತದೆ. ಡಿವಿಆರ್ ಎಷ್ಟು ದೊಡ್ಡ ಡಿಸ್ಕ್ ಸ್ವೀಕರಿಸುತ್ತದೆ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.

ಜೋಡಿಸುವ ಕ್ರಮ

1. ವಿದ್ಯುತ್ ಸಂಪರ್ಕ ಕೊಡದೆಯೇ ಡಿವಿಆರ್‌ನ ಮುಚ್ಚಳ ತೆಗೆದು, ಒಳಗಿರುವ ಎರಡು ತಂತಿಗಳನ್ನು (ಒಂದು ಮಾಹಿತಿಗೆ, ಇನ್ನೊಂದು ವಿದ್ಯುತ್ತಿಗೆ) ಹಾರ್ಡ್ ಡಿಸ್ಕ್‌ಗೆ ಜೋಡಿಸಿ, ಕೆಳಗಿನಿಂದ ತಿರುಪು ಬಿಗಿಯಿರಿ.

2. ಕ್ಯಾಮೆರಾಗಳನ್ನು ಗೋಡೆಗೆ ಬಿಗಿಯುವ ಮೊದಲು ನೆಲದ ಮೇಲೆಯೇ ಒಂದೊಂದಾಗಿ ಜೋಡಿಸಿ ಪರೀಕ್ಷಿಸಿ. ಏಣಿ ಹತ್ತಿದ ಮೇಲೆ ದೋಷ ಹುಡುಕುವ ಶ್ರಮ ತಪ್ಪುತ್ತದೆ.

3. ಕ್ಯಾಮೆರಾವನ್ನು ಒಂಬತ್ತು-ಹತ್ತು ಅಡಿ ಎತ್ತರದಲ್ಲಿಡಿ. ತೀರಾ ಮೇಲಿದ್ದರೆ ಮುಖದ ಬದಲು ನೆತ್ತಿ ಮಾತ್ರ ಕಾಣುತ್ತದೆ. ಸೂರ್ಯನಿಗೆ ಎದುರಾಗಿ ಇಡಬಾರದು.

4. ಡಿಸಿ ಪಿನ್‌ನಲ್ಲಿ ಕೆಂಪು ತಂತಿ ಪ್ಲಸ್‌ಗೆ, ಇನ್ನೊಂದು ಮೈನಸ್‌ಗೆ ಹೋಗಬೇಕು. ಅದಲು ಬದಲಾದರೆ ಕ್ಯಾಮೆರಾ ಹಾಳಾಗಬಹುದು.

5. ಬಿಎನ್‌ಸಿ ಪಿನ್‌ಗಳನ್ನು ಡಿವಿಆರ್‌ನ ಹಿಂಬದಿಗೆ ಸಿಕ್ಕಿಸಿ ತಿರುಗಿಸಿ. ಎಚ್‌ಡಿಎಂಐ ತಂತಿಯಿಂದ ಟಿವಿಗೆ ಜೋಡಿಸಿ, ಮೌಸ್ ಹಾಕಿ, ಕೊನೆಯಲ್ಲಿ ವಿದ್ಯುತ್ ಕೊಡಿ.

ಹಗಲು ಚೆನ್ನಾಗಿ ಕಂಡ ಚಿತ್ರ ಕತ್ತಲಾದೊಡನೆ ಮಿಣುಕುವುದು ಅಥವಾ ಮಾಯವಾಗುವುದು ಸಾಮಾನ್ಯ ದೂರು. ರಾತ್ರಿ ಕ್ಯಾಮೆರಾದ ಅವಗೆಂಪು ದೀಪಗಳು ಉರಿಯುವುದರಿಂದ ಹೆಚ್ಚು ವಿದ್ಯುತ್ ಬೇಕಾಗುತ್ತದೆ. ತೆಳು ತಂತಿ ಉದ್ದವಾದಷ್ಟೂ ಕೊನೆಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ದೂರದ ಕ್ಯಾಮೆರಾಕ್ಕೆ ಸಮೀಪದಲ್ಲೇ ಪ್ರತ್ಯೇಕ ಅಡಾಪ್ಟರ್ ಕೊಡುವುದು ಪರಿಹಾರ. ರಾತ್ರಿ ಚಿತ್ರ ಬೆಳ್ಳಗೆ ಮಸುಕಾದರೆ ಕಾರಣ ಬಹುಶಃ ಜೇಡರ ಬಲೆ. ಬಟ್ಟೆಯಿಂದ ಒರೆಸಿದರೆ ಸಾಕು.

ಮೊದಲ ದಿನದ ಹೊಂದಾಣಿಕೆ

ಡಿವಿಆರ್ ಮೊದಲ ಬಾರಿಗೆ ಚಾಲೂ ಆದಾಗ ಪಾಸ್‌ವರ್ಡ್ ಕೇಳುತ್ತದೆ. ನಂತರ ಡಿಸ್ಕ್ ಅನ್ನು ಫಾರ್ಮ್ಯಾಟ್ ಮಾಡಬೇಕು. ಇದನ್ನು ಮಾಡದಿದ್ದರೆ ಪರದೆಯಲ್ಲಿ ಚಿತ್ರ ಕಾಣುತ್ತಿದ್ದರೂ ಏನೂ ಮುದ್ರಣವಾಗುವುದಿಲ್ಲ. ಮುಂದೆ ಎಂದಾದರೂ ಇದೇ ಗುಂಡಿ ಒತ್ತಿದರೆ ಇರುವ ದೃಶ್ಯಗಳೆಲ್ಲ ಅಳಿಸಿಹೋಗುತ್ತವೆ ಎಂಬುದೂ ನೆನಪಿರಲಿ.

ವಿಡಿಯೊ ಮಾದರಿಯನ್ನು ಪಾಲ್ ಎಂದು ಇಡಬೇಕು. ನಮ್ಮ ವಿದ್ಯುತ್ತಿನ 50 ಹರ್ಟ್ಸ್‌ಗೆ ಅದು ಹೊಂದುತ್ತದೆ. ಸಮಯ ವಲಯ ಜಿಎಂಟಿ +5.30 ಆಗಿರಬೇಕು. ಚೀನಾದಲ್ಲಿ ತಯಾರಾದ ಪೆಟ್ಟಿಗೆಯಲ್ಲಿ +8 ಎಂದೇ ಉಳಿದು, ಅಂತರ್ಜಾಲದಿಂದ ಗಡಿಯಾರ ಹೊಂದಿಕೊಂಡರೆ ರಾತ್ರಿ 12 ಗಂಟೆಗೆ ನಡೆದದ್ದು 2.30ಕ್ಕೆ ನಡೆದಂತೆ ದಾಖಲಾಗುತ್ತದೆ. ತನಿಖೆಯಲ್ಲಿ ಎರಡೂವರೆ ತಾಸಿನ ವ್ಯತ್ಯಾಸ ಸಣ್ಣದಲ್ಲ. ಬಳಿಕ ಮುದ್ರಣದ ವೇಳಾಪಟ್ಟಿಯಲ್ಲಿ ವಾರದ ಏಳೂ ದಿನ, 24 ಗಂಟೆ ಆಯ್ದಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಹತ್ತು ನಿಮಿಷ ಬಿಟ್ಟು ಪ್ಲೇಬ್ಯಾಕ್‌ಗೆ ಹೋಗಿ ಪ್ರತಿ ಕ್ಯಾಮೆರಾದ ದೃಶ್ಯವೂ ಸಿಗುತ್ತದೆಯೇ ಎಂದು ನೋಡಿದ ಮೇಲೆಯೇ ಕೆಲಸದವರನ್ನು ಕಳುಹಿಸಬೇಕು.

ದೂರದಿಂದ ನೋಡಲು ಡಿವಿಆರ್ ಅನ್ನು ರೌಟರ್‌ಗೆ ಜೋಡಿಸಿ, ತಯಾರಕರ ಆ್ಯಪ್‌ನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು. ಅಂತರ್ಜಾಲ ಬೇಕಾಗುವುದು ನೋಡುವುದಕ್ಕೆ ಮಾತ್ರ. ಸಂಪರ್ಕ ಕಡಿದುಹೋದರೂ ಮುದ್ರಣ ನಡೆಯುತ್ತಲೇ ಇರುತ್ತದೆ. ಹಳ್ಳಿಯ ಸಂಪರ್ಕ ನಿಧಾನವಾಗಿದ್ದರೆ ಆ್ಯಪ್‌ನಲ್ಲಿ ಸಬ್‌ಸ್ಟ್ರೀಮ್ ಆಯ್ದುಕೊಂಡರೆ ಚಿತ್ರ ತಡೆಯಿಲ್ಲದೆ ಬರುತ್ತದೆ.

ಕರೆಂಟ್, ಸಿಡಿಲು, ಬಿಸಿಲು

2,050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕ್ ಇರುವ ಪಾವಗಡ ತಾಲ್ಲೂಕಿನಲ್ಲೂ ಮನೆಗೆ ಬರುವ ವಿದ್ಯುತ್ ಬೆಸ್ಕಾಂ ತಂತಿಯದೇ. ಗಾಳಿ-ಮಳೆಗೆ ಅದು ನಿಲ್ಲುವುದುಂಟು. ಕರೆಂಟ್ ಹೋದಾಗ ಡಿವಿಆರ್ ಕುರುಡಾಗುತ್ತದೆ. ನಾಲ್ಕು ಕ್ಯಾಮೆರಾ, ಡಿವಿಆರ್, ರೌಟರ್ ಎಲ್ಲ ಸೇರಿ ಸುಮಾರು 50 ವಾಟ್ ಬೇಕಾಗಬಹುದು. 12 ವೋಲ್ಟ್, 7 ಎಎಚ್ ಬ್ಯಾಟರಿಯ ಸಣ್ಣ ಯುಪಿಎಸ್ ಇದನ್ನು ಹೆಚ್ಚೆಂದರೆ ಒಂದು ತಾಸು ನಡೆಸೀತು. 150 ಎಎಚ್ ಬ್ಯಾಟರಿಯ ಮನೆ ಇನ್ವರ್ಟರ್‌ಗೆ ಜೋಡಿಸಿದರೆ ಇಡೀ ರಾತ್ರಿ ನಡೆಯುತ್ತದೆ. ಡಿವಿಆರ್‌ಗೆ ಮಾತ್ರ ಇನ್ವರ್ಟರ್ ಕೊಟ್ಟು ಕ್ಯಾಮೆರಾಗಳ ಎಸ್‌ಎಂಪಿಎಸ್ ಅನ್ನು ಮರೆತರೆ ಕಪ್ಪು ಪರದೆಯಷ್ಟೇ ಮುದ್ರಣವಾಗುತ್ತದೆ.

ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತ ಹೊರಗಿನ ತಂತಿಯ ಮೂಲಕ ಒಳಬರಬಹುದು. ಸರಿಯಾದ ಅರ್ಥಿಂಗ್ ಮತ್ತು ಸರ್ಜ್ ರಕ್ಷಕ ಇರುವುದು ಒಳಿತು. ಬಯಲುಸೀಮೆಯ ಬಿಸಿಲಿಗೆ ಶೀಟ್ ಹೊದಿಸಿದ ಅಟ್ಟ ಅಥವಾ ಗಾಳಿಯಾಡದ ಪೆಟ್ಟಿಗೆ ಡಿವಿಆರ್‌ಗೆ ತಕ್ಕ ಜಾಗವಲ್ಲ. ಹಾರ್ಡ್ ಡಿಸ್ಕ್‌ನ ಆಯಸ್ಸು ಕುಗ್ಗುತ್ತದೆ. ಹಾಗೆಂದು ಹಜಾರದ ಟಿವಿಯ ಪಕ್ಕದಲ್ಲೂ ಇಡಬಾರದು. ಕಳ್ಳರು ಹೊರಡುವಾಗ ಪೆಟ್ಟಿಗೆಯನ್ನೇ ಹೊತ್ತೊಯ್ದರೆ ಕ್ಯಾಮೆರಾ ಕಂಡದ್ದೆಲ್ಲ ಅದರೊಡನೆ ಹೋಗುತ್ತದೆ. ಸುಲಭವಾಗಿ ಕಣ್ಣಿಗೆ ಬೀಳದ, ಗಾಳಿಯಾಡುವ, ಬೀಗ ಹಾಕಬಹುದಾದ ಕಪಾಟು ಸೂಕ್ತ.

ಪಾಸ್‌ವರ್ಡ್ ಎಂಬ ಬಾಗಿಲು

2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನು ವಶಪಡಿಸಿಕೊಂಡಿತು. ಅದು ಬಳಸಿದ ಉಪಾಯ ಸರಳ: ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಪ್ರಯತ್ನಿಸುವುದು. ಆ ವರ್ಷದ ಅಕ್ಟೋಬರ್ 21ರಂದು ಇಂತಹ ಯಂತ್ರಗಳ ದಾಳಿಯಿಂದ ಟ್ವಿಟರ್, ನೆಟ್‌ಫ್ಲಿಕ್ಸ್‌ನಂತಹ ತಾಣಗಳೇ ಅನೇಕರಿಗೆ ಸಿಗದಂತಾದವು. 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾ ದೃಶ್ಯಗಳು ಅಂತರ್ಜಾಲದಲ್ಲಿ ಮಾರಾಟವಾದ ಪ್ರಕರಣ ಬಯಲಿಗೆ ಬಂದಾಗಲೂ ಬದಲಿಸದ ಪಾಸ್‌ವರ್ಡ್‌ನ ಮಾತೇ ಕೇಳಿಬಂತು.

ಆದ್ದರಿಂದ ಪಾಸ್‌ವರ್ಡ್ ಮನೆಯವರೇ ಇಡಬೇಕು. ಜೋಡಿಸಲು ಬಂದವರಿಗೆ ಬಿಡಬಾರದು. ಅವರು ಇಟ್ಟು ಹೋಗಿದ್ದರೆ ಅಂದೇ ಬದಲಿಸಿ, ಅವರ ಮೊಬೈಲ್‌ನಲ್ಲಿ ಮನೆಯ ಚಿತ್ರ ಉಳಿದಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಪಾಸ್‌ವರ್ಡ್ ಅನ್ನು ಪುಸ್ತಕದಲ್ಲಿ ಬರೆದು ಮನೆಯಲ್ಲಿ ಜೋಪಾನವಾಗಿಡುವುದೂ ಅಗತ್ಯ. ಬೇಕಾದ ದಿನ ಅದು ನೆನಪಾಗದೆ ದೃಶ್ಯ ತೆಗೆಯಲಾಗದ ಸ್ಥಿತಿ ಬರಬಾರದು.

ಯಾರನ್ನು ನೋಡಬಹುದು?

ಕ್ಯಾಮೆರಾ ನಮ್ಮ ಗೇಟು, ಅಂಗಳದ ಕಡೆ ಇರಲಿ. ನೆರೆಮನೆಯ ಕಿಟಕಿ, ಬಚ್ಚಲಿನ ಕಡೆ ಬೇಡ. ಮಹಿಳೆಯ ಖಾಸಗಿ ಕ್ಷಣಗಳನ್ನು ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ಮನೆಯ ಒಳಗೂ ಎಚ್ಚರ ಬೇಕು. ಒಂದೇ ಮನೆಯಲ್ಲಿರುವ ಸಹಮಾಲೀಕರ ಒಪ್ಪಿಗೆಯಿಲ್ಲದೆ ಅವರ ವಾಸದ ಭಾಗದಲ್ಲಿ ಕ್ಯಾಮೆರಾ ನಡೆಸುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಹೇಳಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಆ ತೀರ್ಪಿನಲ್ಲಿ ಮಧ್ಯಪ್ರವೇಶಿಸಲಿಲ್ಲ. ವೃದ್ಧ ತಂದೆ-ತಾಯಿಯ ಹಿತಕ್ಕೆಂದೇ ಕ್ಯಾಮೆರಾ ಇಡುವುದಾದರೂ ಅವರನ್ನು ಕೇಳಿ ಇಡುವುದು ಮರ್ಯಾದೆ.

ಘಟನೆ ನಡೆದಾಗ

ಮೊದಲು 112ಕ್ಕೆ ಕರೆ ಮಾಡಿ. ಬಳಿಕ ಡಿವಿಆರ್‌ನ ಗಡಿಯಾರಕ್ಕೂ ನಿಜವಾದ ಸಮಯಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದನ್ನು ಬರೆದಿಡಿ. ಪೆನ್‌ಡ್ರೈವ್ ಹಾಕಿ, ಬ್ಯಾಕಪ್ ವಿಭಾಗದಲ್ಲಿ ಘಟನೆಯ ಹಿಂದುಮುಂದಿನ ಒಂದೆರಡು ತಾಸಿನ ದೃಶ್ಯವನ್ನು ನಕಲಿಸಿಕೊಳ್ಳಿ. ಟಿವಿ ಪರದೆಯನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿದ್ದು ಗುರುತು ಹಚ್ಚಲು ನೆರವಾದೀತು, ಮೂಲ ದಾಖಲೆಯ ಸ್ಥಾನ ತುಂಬದು. ಫಾರ್ಮ್ಯಾಟ್ ಮಾಡುವುದಾಗಲಿ, ಡಿಸ್ಕ್ ಬದಲಿಸುವುದಾಗಲಿ ಸಲ್ಲದು.

ವಿದ್ಯುನ್ಮಾನ ದಾಖಲೆಯ ನಕಲನ್ನು ಹಾಜರುಪಡಿಸುವಾಗ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2020ರ ಜುಲೈ 14ರಂದು, ಹಿಂದಿನ ಸಾಕ್ಷ್ಯ ಕಾಯ್ದೆಯಡಿ, ಸ್ಪಷ್ಟಪಡಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಇದನ್ನು ಮುಂದುವರಿಸಿದ್ದು, ಪ್ರಮಾಣಪತ್ರಕ್ಕೆ ಎರಡು ಭಾಗಗಳಿವೆ: ಒಂದನ್ನು ದಾಖಲೆ ಒದಗಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಕಡತ ಬದಲಾಗಿಲ್ಲವೆಂದು ತೋರುವ ಹ್ಯಾಶ್ ಮೌಲ್ಯವನ್ನೂ ಅದರಲ್ಲಿ ನಮೂದಿಸಬೇಕು. ತನಿಖಾಧಿಕಾರಿ ಡಿವಿಆರ್ ಅನ್ನೇ ವಶಕ್ಕೆ ಪಡೆದರೆ ಮಹಜರಿನಲ್ಲಿ ಅದರ ಮಾದರಿ ಮತ್ತು ಕ್ರಮಸಂಖ್ಯೆ ಬರೆದಿರುವುದನ್ನು ನೋಡಿಕೊಳ್ಳಬೇಕು.

ತಿಂಗಳಿಗೊಮ್ಮೆ ಐದು ನಿಮಿಷ

ಊರಿಗೆ ಬಂದಾಗ, ಇಲ್ಲವೇ ಮೊಬೈಲ್‌ನಲ್ಲೇ, ತಿಂಗಳಿಗೊಮ್ಮೆ ಐದು ಅಂಶಗಳನ್ನು ಪರಿಶೀಲಿಸಿ: ಎಲ್ಲ ಕ್ಯಾಮೆರಾಗಳೂ ಕಾಣುತ್ತಿವೆಯೇ? ಗಡಿಯಾರ ಸರಿಯಿದೆಯೇ? ಅತಿ ಹಳೆಯ ದೃಶ್ಯ ಯಾವ ದಿನದ್ದು? ನಿನ್ನೆ ರಾತ್ರಿ 2 ಗಂಟೆಯ ದೃಶ್ಯ ತೆರೆಯುತ್ತದೆಯೇ? ಮೇನ್ಸ್ ಸ್ವಿಚ್ ತೆಗೆದಾಗ ಇನ್ವರ್ಟರ್ ಮೇಲೆ ಎಲ್ಲವೂ ನಡೆಯುತ್ತದೆಯೇ? ಕೊನೆಯದನ್ನು ಮನೆಯಲ್ಲಿರುವವರಿಂದ ಮಾಡಿಸಬಹುದು.

ಮೊಬೈಲ್‌ನಲ್ಲಿ ಕಾಣುವ ಈ ಕ್ಷಣದ ಚಿತ್ರದಿಂದ ಸಿಗುವುದು ಸಮಾಧಾನ. ನಿನ್ನೆಯ ದೃಶ್ಯವೂ ತೆರೆಯುತ್ತದೆ ಎಂಬುದನ್ನು ಕಂಡ ಮೇಲಷ್ಟೇ ಅದನ್ನು ಕಾವಲು ಎನ್ನಬಹುದು.