ಹತ್ತು ರೌಂಡ್ ಎಲ್ಲರಿಗೂ ಒಂದೇ ಅಲ್ಲ

ಜಯನಗರ 5ನೇ ಬ್ಲಾಕಿನ ಶಾಲಿನಿ ಮೈದಾನವಿರಲಿ, ನಮ್ಮೂರ ಹೈಸ್ಕೂಲ್ ಮೈದಾನವಿರಲಿ, ಫುಟ್‌ಬಾಲ್ ಅಭ್ಯಾಸ ಅಂದರೆ ನಮಗೆ ಮೊದಲು ನೆನಪಾಗುವುದು ರೌಂಡ್ ಹೊಡೆಯುವುದು. ಎಲ್ಲರಿಗೂ ಒಂದೇ ಲೆಕ್ಕ, ಹತ್ತು ರೌಂಡ್. ಆದರೆ ಅದರ ಭಾರ ಒಬ್ಬೊಬ್ಬರ ಮೈಮೇಲೆ ಒಂದೊಂದು ಥರ ಬೀಳುತ್ತದೆ. ಆ ಭಾರವನ್ನು ಅಳೆಯಲು ಕಲಿತದ್ದು ತೀರಾ ಈಚೆಗೆ.

ನಮ್ಮ ಫುಟ್‌ಬಾಲ್ ಅದಕ್ಕಿಂತ ಹಳೆಯದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ತಂಡದ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. ಮೈಸೂರು ರಾಜ್ಯ ತಂಡ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತು. ಆ ಕಾಲದಲ್ಲಿ ಆಟಗಾರ ಎಷ್ಟು ದಣಿದಿದ್ದಾನೆ ಎಂದು ತಿಳಿಯಲು ಕೋಚ್ ಕಣ್ಣೇ ಅಳತೆಗೋಲು.

1960ರ ದಶಕದಲ್ಲಿ ಸ್ವೀಡನ್ನಿನ ಗುನ್ನಾರ್ ಬೋರ್ಗ್ ದಣಿವಿಗೆ ಅಂಕ ಕೊಡುವ ದಾರಿ ತೋರಿಸಿದರು. ಕೆನಡಾದ ಎರಿಕ್ ಬ್ಯಾನಿಸ್ಟರ್ ಎದೆಬಡಿತದಿಂದ ಅಭ್ಯಾಸದ ಭಾರವನ್ನು ಲೆಕ್ಕ ಹಾಕಿದರು. ಆಮೇಲೆ ಬೆನ್ನಿಗೆ ಕಟ್ಟುವ ಜಿಪಿಎಸ್ ಬಂತು. 2015ರಿಂದ ಪಂದ್ಯದಲ್ಲೂ ಅದನ್ನು ಧರಿಸಲು ನಿಯಮ ದಾರಿ ಬಿಟ್ಟಿತು. ಇದೆಲ್ಲ ದುಡ್ಡಿರುವ ಕ್ಲಬ್ಬುಗಳ ಮಾತು.

ನಮಗೆ ಸಿಗುವಂಥದ್ದು ಅಮೆರಿಕದ ಕಾರ್ಲ್ ಫೋಸ್ಟರ್ 1990ರ ದಶಕದಲ್ಲಿ ರೂಪಿಸಿದ ಲೆಕ್ಕ. ಅಭ್ಯಾಸ ಮುಗಿದು ಅರ್ಧ ಗಂಟೆಯಾದ ಮೇಲೆ ‘ಎಷ್ಟು ಕಷ್ಟವಾಯಿತು?’ ಎಂದು ಒಬ್ಬೊಬ್ಬರನ್ನೇ ಕೇಳಬೇಕು. ಸೊನ್ನೆಯಿಂದ ಹತ್ತರೊಳಗೆ ಅಂಕ. ಅದನ್ನು ಆಡಿದ ನಿಮಿಷಗಳಿಂದ ಗುಣಿಸಿದರೆ ಆಯಿತು.

ಇಬ್ಬರು ಹುಡುಗರು 60 ನಿಮಿಷ ಆಡಿದರು ಎನ್ನಿ. ಒಬ್ಬ 5 ಅಂದ, ಅವನ ಭಾರ 300. ಬೆಳಿಗ್ಗೆಯೆಲ್ಲ ಗದ್ದೆಯಲ್ಲಿ ದುಡಿದು ಬಂದವನು 8 ಅಂದ, ಅವನದು 480. ಅಭ್ಯಾಸ ಒಂದೇ, ಭಾರ ಒಂದೂವರೆ ಪಟ್ಟಿಗಿಂತ ಹೆಚ್ಚು. ನಾಳೆ ಇಬ್ಬರಿಗೂ ಒಂದೇ ಓಟ ಕೊಡುವುದು ಸರಿಯೇ?

ವಾರದ ಮೊತ್ತವನ್ನು ಹಿಂದಿನ ವಾರಗಳ ಜೊತೆ ಹೋಲಿಸಿ ನೋಡಬೇಕು. ಏಕಾಏಕಿ ಏರಿದ್ದರೆ ಎಚ್ಚರ. ನಮ್ಮ ಕಡೆ ಆಗುವುದೇ ಅದು: ಮೂರು ತಿಂಗಳು ಚೆಂಡು ಮುಟ್ಟದವರು ತಾಲ್ಲೂಕು ಟೂರ್ನಿ ಹತ್ತಿರ ಬಂತೆಂದು ದಿನಕ್ಕೆರಡು ಹೊತ್ತು ಓಡುತ್ತಾರೆ. ತೊಡೆಯ ಸ್ನಾಯು ಹಿಡಿದುಕೊಂಡರೆ ಹೋಗುವುದು ಆಟವೊಂದೇ ಅಲ್ಲ, ವಾರದ ಕೂಲಿಯೂ ಹೋಗುತ್ತದೆ.

ಅಂಕವೇ ಎಲ್ಲವನ್ನೂ ಹೇಳುವುದಿಲ್ಲ. ನಿದ್ದೆ, ನೋವು, ಊಟವನ್ನೂ ವಿಚಾರಿಸಬೇಕು. ದಣಿವನ್ನು ಮುಚ್ಚಿಟ್ಟರೆ ಲೆಕ್ಕವೂ ಸುಳ್ಳಾಗುತ್ತದೆ. ‘8’ ಅಂದವನನ್ನು ಗೇಲಿ ಮಾಡಬಾರದು. ಇದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್, ಒಂದು ಪೆನ್ನು, ಕೇಳುವ ತಾಳ್ಮೆ. ಅಷ್ಟು ನಮ್ಮ ಊರುಗಳಲ್ಲೂ ಇದೆ.