ಯಾರೂ ಹತ್ತದ ಸೈಕಲ್‌ಗಳು

ಭಾಗ 1

ಮೊದಲನೇ ಫೋಟೋದಲ್ಲಿ ಕೆಂಪು ಮಣ್ಣು ಮೆತ್ಕೊಂಡು ನಿಂತಿರೋ ಸೈಕಲ್ ನಂದಲ್ಲ, ಬಾಡಿಗೆದು. ಜಾಗ ಮಾಯ್ ಚಾವ್. ವಿಯೆಟ್ನಾಂ ರಾಜಧಾನಿ ಹನೋಯ್‌ನಿಂದ ನೈಋತ್ಯಕ್ಕೆ ಸುಮಾರು 140 ಕಿ.ಮೀ. ದೂರದ ಕಣಿವೆ. ಸುತ್ತ ಬೆಟ್ಟ, ನಡುವೆ ಗದ್ದೆ, ಗದ್ದೆ ಅಂಚಿನಲ್ಲಿ ಕಂಬಗಳ ಮೇಲೆ ನಿಂತ ಬಿಳಿ ಥಾಯ್ ಸಮುದಾಯದವರ ಮರದ ಮನೆಗಳು. ಜುಲೈ ತಿಂಗಳು. ಮಳೆಗಾಲದಲ್ಲಿ ಅಲ್ಲಿಗೆ ಯಾಕೆ ಸಾಯೋಕೆ ಹೋಗ್ತೀಯ ಅಂತ ಅಮ್ಮ ಬೈದಿದ್ರು. ಟಿಕೆಟ್ ಅಗ್ಗ ಇತ್ತು, ಅಷ್ಟೇ ಕಾರಣ.

ಬೆಳಿಗ್ಗೆ ಬೆವರು ಸುರಿಯೋ ಬಿಸಿಲು. ಮಧ್ಯಾಹ್ನ ಮೂರರ ಹೊತ್ತಿಗೆ ಎದುರಿಗಿದ್ದ ಬೆಟ್ಟವೇ ಕಾಣೆ. ಆಮೇಲೆ ಮಳೆ ಅಂದ್ರೆ ಮಳೆ. ಗದ್ದೆಗಳಲ್ಲಿ ಎರಡನೇ ಬೆಳೆಯ ನಾಟಿ ನಡೀತಿತ್ತು. ಎಲೆಯ ಟೋಪಿ ಹಾಕ್ಕೊಂಡ ಹೆಂಗಸರು ಮಳೆ ಬಂತು ಅಂತ ತಲೆ ಕೂಡ ಎತ್ತಲಿಲ್ಲ. ಆ ಟೋಪಿ ಒಂದು ಬಿಟ್ರೆ ನಮ್ಮ ಮಂಡ್ಯ ಕಡೆಯೋರು ಯಾರು ನೋಡಿದ್ರೂ ‘ಇದು ನಮ್ಮ ಗದ್ದೇನೇ’ ಅಂತಾರೆ.

ಹಳ್ಳಿ ದಾಟಿ ಒಂದು ಏರು ಹತ್ತಿ ಇಳೀಬೇಕಾದ್ರೆ ಬ್ರೇಕ್ ಕೈ ಕೊಡ್ತು. ಮಣ್ಣು, ಮರಳು ಸೇರಿ ಬ್ರೇಕಿನ ರಬ್ಬರ್ ಸವೆದೇ ಹೋಗಿತ್ತು. ಇಳಿದೆ. ಮುಂದಿನ ಎರಡು ಗಂಟೆ ಸೈಕಲ್ಲನ್ನ ತಳ್ಳಿಕೊಂಡೇ ನಡೆದೆ. ಇಳಿಜಾರಲ್ಲಿ ಅದು ನನ್ನನ್ನ ಎಳೀತಿತ್ತು, ಏರಲ್ಲಿ ನಾನು ಅದನ್ನ. ಬೆನ್ನ ಮೇಲೆ ಇದ್ದಿದ್ದು ಒಂದು ಚಿಕ್ಕ ಬ್ಯಾಗ್, ಆರು ಕಿಲೋನೂ ಇರಲಿಲ್ಲ. ಆದರೂ ಸಾಕಾಗಿ ಹೋಯ್ತು.

ಹಾಗೆ ತಳ್ಳುತ್ತಿದ್ದಾಗ ಪಠ್ಯಪುಸ್ತಕದಲ್ಲೋ ಇನ್ನೆಲ್ಲೋ ನೋಡಿದ್ದ ಒಂದು ಕಪ್ಪು ಬಿಳುಪು ಫೋಟೋ ತಲೆಗೆ ಬಂತು. ವಿಯೆಟ್ನಾಂನ ಕಾಡು ದಾರಿ, ಸಾಲಾಗಿ ನೂರಾರು ಸೈಕಲ್, ಮೂಟೆಗಳು. ‘ಸೈಕಲ್ ತುಳಿದು ಯುದ್ಧ ಗೆದ್ದರು’ ಅಂತ ನಾನು ಅನ್ಕೊಂಡಿದ್ದೆ. ರಾತ್ರಿ ರೂಮಿಗೆ ಬಂದು ಆ ಫೋಟೋ ಹುಡುಕಿ ದೊಡ್ಡದು ಮಾಡಿ ನೋಡಿದೆ. ಅದರಲ್ಲಿ ಒಬ್ಬರೂ ಸೀಟಿನ ಮೇಲೆ ಇಲ್ಲ ಕಣ್ರೋ. ಎಲ್ಲರೂ ಪಕ್ಕದಲ್ಲಿ ನಡೀತಿದ್ದಾರೆ.

ಭಾಗ 2

ಅದು 1954ರ ದಿಯೆನ್ ಬಿಯೆನ್ ಫು ಕದನದ ಕಾಲ. ಫ್ರೆಂಚರು ವಿಯೆಟ್ನಾಂನ ವಾಯವ್ಯ ಮೂಲೆಯ, ಲಾವೋಸ್ ಗಡಿ ಹತ್ತಿರದ ಕಣಿವೆಯಲ್ಲಿ 1953ರ ನವೆಂಬರ್‌ನಲ್ಲಿ ವಿಮಾನದಿಂದ ಸೈನಿಕರನ್ನ ಇಳಿಸಿ ಕೋಟೆ ಕಟ್ಟಿದರು. ಅವರ ಲೆಕ್ಕ ಸರಳ. ನಮಗೆ ಬೇಕಾದ್ದೆಲ್ಲ ವಿಮಾನದಲ್ಲಿ ಬರುತ್ತೆ, ಶತ್ರುವಿಗೆ ಈ ಬೆಟ್ಟಗಳನ್ನ ದಾಟಿಸಿ ಅಕ್ಕಿ ತರೋಕೆ ಆಗಲ್ಲ, ಹೇಗೂ ಮಳೆ ಶುರುವಾದ್ರೆ ಅವರ ದಾರಿಗಳು ಕೊಚ್ಚಿ ಹೋಗ್ತವೆ.

ಎದುರು ಪಕ್ಷದ ಸೇನಾಪತಿ ವೋ ನ್ಗುಯೆನ್ ಜಾಪ್. ಈತ ಯುದ್ಧಕ್ಕೆ ಮುಂಚೆ ಹನೋಯ್‌ನಲ್ಲಿ ಹಿಸ್ಟರಿ ಮೇಷ್ಟ್ರು. (ಹಿಸ್ಟರಿ ತಗೊಂಡು ಏನ್ ಮಾಡ್ತೀಯ ಅಂತ ಕೇಳೋ ನೆಂಟರಿಗೆ ಇದನ್ನ ಫಾರ್ವರ್ಡ್ ಮಾಡಿ.) 1954ರ ಜನವರಿ ಕೊನೆಗೆ ದಾಳಿಗೆ ಎಲ್ಲಾ ಸಿದ್ಧ ಇತ್ತು. ಜಾಪ್ ಕೊನೇ ಗಳಿಗೆಯಲ್ಲಿ ನಿಲ್ಲಿಸಿದರು. ಬೇಗ ಹೊಡೆದು ಬೇಗ ಗೆಲ್ಲೋದು ಆಗಲ್ಲ, ನಿಧಾನವಾಗಿ, ಖಾತ್ರಿಯಾಗಿ ಮುನ್ನುಗ್ಗಬೇಕು ಅಂತ ತೀರ್ಮಾನ ಮಾಡಿ, ಬೆಟ್ಟ ಹತ್ತಿಸಿದ್ದ ತೋಪುಗಳನ್ನೇ ವಾಪಸ್ ಎಳೆಸಿದರು. ದಾಳಿ ಶುರುವಾಗಿದ್ದು ಮಾರ್ಚ್ 13ಕ್ಕೆ.

ಎಲ್ಲರೂ ಇದನ್ನ ದೊಡ್ಡ ತಂತ್ರ ಅಂತ ಹೊಗಳ್ತಾರೆ, ನಿಜವೇ. ಆದರೆ ಆ ಒಂದು ತೀರ್ಮಾನದ ಅರ್ಥ ಏನು ಗೊತ್ತಾ? ಸುಮಾರು 50,000 ಸೈನಿಕರು ಇನ್ನೂ ಹಲವು ವಾರ ಊಟ ಮಾಡಬೇಕು. ಅಕ್ಕಿ ಎಲ್ಲಿಂದ?

ಭಾಗ 3

ಇದು ನನಗೆ ತುಂಬಾ ಇಷ್ಟವಾದ ಭಾಗ, ಹಾಗಾಗಿ ಸ್ವಲ್ಪ ಉದ್ದ ಇದೆ. ಪೆನ್ನು ತಗೊಳ್ಳಿ.

ಅಕ್ಕಿಯ ದೊಡ್ಡ ಪಾಲು ಬಂದಿದ್ದು ದಕ್ಷಿಣದ ಥಾನ್ ಹ್ವಾ ಪ್ರಾಂತ್ಯದಿಂದ. ದಾರಿ ಸುಮಾರು 500 ಕಿ.ಮೀ. ಹಗಲು ವಿಮಾನಗಳ ಕಾಟ, ಅದಕ್ಕೆ ರಾತ್ರಿ ನಡೆಯೋದು. ಒಬ್ಬ ಮನುಷ್ಯ ಹೆಗಲ ಮೇಲೆ ಅಡ್ಡೆ ಕಟ್ಟಿ 25 ಕಿಲೋ ಹೊತ್ತ ಅನ್ನಿ. ಒಂದು ರಾತ್ರಿಗೆ 25 ಕಿ.ಮೀ. ನಡೆದ್ರೆ 20 ರಾತ್ರಿ ಬೇಕು. ಅಷ್ಟು ದುಡಿಯೋ ಮೈಗೆ ದಿನಕ್ಕೆ ಹೆಚ್ಚುಕಮ್ಮಿ ಒಂದು ಕಿಲೋ ಅಕ್ಕಿ. ಅಂದ್ರೆ ತಲುಪೋ ಹೊತ್ತಿಗೆ ಅವನ ಹೊರೆಯಲ್ಲಿ ಉಳಿಯೋದು 5 ಕಿಲೋ. ವಾಪಸ್ ಹೋಗೋಕೆ ಮತ್ತೆ 20 ಕಿಲೋ ಬೇಕು! ಲೆಕ್ಕ ನನ್ನದು, ಅಂದಾಜಿನದ್ದು. ಆದರೆ ಸಮಸ್ಯೆ ನಿಜವಾದದ್ದು. ಹೊರೋನೇ ಹೊರೆಯನ್ನ ತಿಂದು ಮುಗಿಸ್ತಾನೆ.

ಈಗ ಅದೇ ಮನುಷ್ಯನಿಗೆ ಸೈಕಲ್ ಕೊಡಿ. ಒಂದು ಸೈಕಲ್ ಮೇಲೆ 200 ಕಿಲೋ ಹೇರ್ತಿದ್ರು, 300 ದಾಟಿಸಿದವರೂ ಇದ್ದಾರೆ. ಹೋಗಿ ಬರೋ ಊಟಕ್ಕೆ 40 ಕಿಲೋ ತೆಗೆದ್ರೂ 160 ಕಿಲೋ ಉಳೀತು. ಜಾಪ್ ಕಾಯೋಕೆ ಸಾಧ್ಯ ಆಗಿದ್ದು ಈ 160ರಿಂದ ಅಂತ ನನಗನಿಸುತ್ತೆ.

ಆ ಸೈಕಲ್ಲಿಗೆ ಅವರ ಭಾಷೇಲಿ ಸೆ ಥೋ ಅಂತಾರೆ, ಹೊರೆ ಸೈಕಲ್ ಅನ್ನಬಹುದು. ಹ್ಯಾಂಡಲ್‌ನ ಒಂದು ಕಡೆಗೆ ಉದ್ದ ಬಿದಿರು ಕಟ್ಟೋದು, ಮೂಟೆಗಳಾಚೆ ನಿಂತು ತಿರುಗಿಸೋಕೆ. ಸೀಟಿನ ಕಂಬಿಯಲ್ಲಿ ಇನ್ನೊಂದು ಬಿದಿರು, ಹಿಡಿದು ತಳ್ಳೋಕೆ. ಫ್ರೇಮ್ ಮುರೀದೆ ಇರಲಿ ಅಂತ ಮರದ ತುಂಡು, ಕಬ್ಬಿಣದ ಸರಳಿನ ಬಿಗಿ. ಹಳೇ ಪ್ಯಾಂಟಿನ ಬಟ್ಟೆ ಹರಿದು ಟ್ಯೂಬಿಗೆ ಸುತ್ತಿ ಆಮೇಲೆ ಟೈರ್ ಹಾಕೋದು, ಆಗ ಪಂಕ್ಚರ್ ಕಮ್ಮಿ. ಏರಿನಲ್ಲಿ ಇಬ್ಬರು ಮೂವರು ಸೇರಿ ಹಗ್ಗ ಹಾಕಿ ಎಳೆಯೋದು, ಇಳಿಜಾರಲ್ಲಿ ಹಿಂದಿನಿಂದ ಹಗ್ಗ ಹಿಡಿದು ತಡೆಯೋದು. ದಾರೀಲಿ ಫಾ ದಿನ್ ಅಂತ ಒಂದು ಘಾಟಿ ಬರುತ್ತೆ, 32 ಕಿ.ಮೀ. ಉದ್ದ. ಖಾಲಿ ಸೈಕಲ್‌ಗೆ ಬ್ರೇಕ್ ಹೋಗಿದ್ದಕ್ಕೆ ಕಣ್ಣೀರು ಹಾಕಿದ ನಾನು ಆ ಅಂಕಿ ಓದಿ ಸುಮ್ಮನಾದೆ.

ಸೈಕಲ್‌ಗಳಲ್ಲಿ ಎಷ್ಟೋ ಫ್ರಾನ್ಸಿನಲ್ಲೇ ತಯಾರಾದ ಪ್ಯೂಜೋಗಳು. ಫ್ರೆಂಚರ ಸೈಕಲ್ಲೇ ಫ್ರೆಂಚರ ವಿರುದ್ಧ ಅಕ್ಕಿ ಹೊತ್ತಿದ್ದು. ಸುಮಾರು 20,000 ಸೈಕಲ್, ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಕೂಲಿಗಳು. ಅದರಲ್ಲಿ ಹೆಂಗಸರು ಬಹಳ. ಸೈಕಲ್ ಇಲ್ಲದವರು ತಳ್ಳುಗಾಡಿ ಮಾಡ್ಕೊಂಡ್ರು. ಥಾನ್ ಹ್ವಾದ ಒಬ್ಬ ರೈತ ಗಾಡಿಯ ಚಕ್ರಕ್ಕೆ ಮರ ಸಾಲದೆ ಮನೆಯ ಹಿರಿಯರ ಪೂಜಾಪೀಠದ ಹಲಗೆ ತೆಗೆದು ಹಾಕಿದ. ನಮ್ಮನೇಲಿ ದೇವರ ಮಂಟಪದ ಹಲಗೆ ಕಿತ್ತರೆ ಏನಾಗುತ್ತೆ ಅಂತ ಯೋಚನೆ ಮಾಡಿ.

ಒಂದು ಮಾತು ಹೇಳಲೇಬೇಕು. ಬರೀ ಸೈಕಲ್ ಯುದ್ಧ ಗೆಲ್ಲಿಸ್ತು ಅನ್ನೋ ರೀಲ್‌ಗಳನ್ನ ನಂಬಬೇಡಿ. ತೋಪುಗಳು, ಗುಂಡುಗಳು ಚೀನಾ ಕಡೆಯಿಂದ ಬಂದವು, ನೂರಾರು ಲಾರಿಗಳೂ ಓಡಿದವು. ಆದರೆ ಲಾರಿ ಹೋಗದ ಕಡೆ ಅಕ್ಕಿ ಹೋಗಿದ್ದು ಹೀಗೆ.

ಭಾಗ 4

ಏಪ್ರಿಲ್ ಕೊನೆಗೆ ಮಳೆ ಬಂತು. ಫ್ರೆಂಚರು ಎಣಿಸಿದ್ದ ಹಾಗೆ ದಾರಿಗಳು ಕೆಸರಾದವು, ಕುಸಿದವು. ಆದರೆ ಮಳೆ ಕಣಿವೆಯನ್ನೂ ಬಿಡಲಿಲ್ಲ. ತಗ್ಗಿನಲ್ಲಿ ಇದ್ದವರು ಫ್ರೆಂಚರು, ಅವರ ಕಂದಕಗಳಲ್ಲಿ ನೀರು ನಿಂತಿತು, ಗಾಯಾಳುಗಳು ಕೆಸರಲ್ಲೇ ಮಲಗಿದರು. ವಿಮಾನ ಇಳಿಯೋ ಪಟ್ಟಿ ಅಷ್ಟರಲ್ಲಾಗಲೇ ನಿರುಪಯೋಗಿ. ಮೇ 7ಕ್ಕೆ ಕೋಟೆ ಬಿತ್ತು. ಜುಲೈನಲ್ಲಿ ಜಿನೀವಾ ಒಪ್ಪಂದ, ದೇಶ 17ನೇ ಅಕ್ಷಾಂಶದಲ್ಲಿ ಎರಡು ಭಾಗ. ಒಪ್ಪಂದದ ಮೇಲ್ವಿಚಾರಣೆಯ ಅಂತರರಾಷ್ಟ್ರೀಯ ಆಯೋಗಕ್ಕೆ ಅಧ್ಯಕ್ಷತೆ ನಮ್ಮ ಭಾರತದ್ದು. ಅದೇ ಅಕ್ಟೋಬರ್‌ನಲ್ಲಿ ನೆಹರೂ ಹನೋಯ್‌ಗೂ ಹೋಗಿ ಬಂದರು.

ಮುಂದೆ 1967ರಲ್ಲಿ, ಅಮೆರಿಕದ ಯುದ್ಧ ನಡೀತಿದ್ದಾಗ, ಹನೋಯ್ ನೋಡಿ ಬಂದ ಪತ್ರಕರ್ತ ಹ್ಯಾರಿಸನ್ ಸಾಲಿಸ್ಬರಿ ಸೈಕಲ್ ಇಲ್ಲದಿದ್ರೆ ಇವರು ಯುದ್ಧ ಮಾಡೋಕೇ ಆಗಲ್ಲ ಅಂತ ಸೆನೆಟ್ ಸಮಿತಿ ಮುಂದೆ ಹೇಳಿದ್ರು. ಹಾಗಾದ್ರೆ ಸೇತುವೆ ಬಿಟ್ಟು ಸೈಕಲ್ ಮೇಲೇ ಬಾಂಬ್ ಹಾಕಬಾರದಾ ಅಂತ ಸೆನೆಟರ್ ಫುಲ್‌ಬ್ರೈಟ್ ಕೇಳಿದರಂತೆ.

ಭಾಗ 5

ಇಲ್ಲಿಗೆ ನಿಲ್ಲಿಸಿದ್ರೆ ಚೆಂದದ ಕಥೆ. ಆದರೆ ಅಷ್ಟು ದೂರ ಅಷ್ಟು ಅಕ್ಕಿ ಯಾಕೆ ಹೊತ್ತರು ಅನ್ನೋದು ನನ್ನನ್ನ ಬಿಡಲಿಲ್ಲ.

ಒಂದು ಕಾರಣ ಹಸಿವು. 1944-45ರಲ್ಲಿ ಉತ್ತರ ವಿಯೆಟ್ನಾಂನಲ್ಲಿ ಭೀಕರ ಬರಗಾಲ. ಜಪಾನಿ ಮತ್ತು ಫ್ರೆಂಚ್ ಆಡಳಿತ ರೈತರಿಂದ ಭತ್ತ ಕಿತ್ಕೊಂಡಿತ್ತು, ಭತ್ತದ ನೆಲದಲ್ಲಿ ಸೆಣಬು ಬೆಳೆಸಿತ್ತು, ಮೇಲೆ ಪ್ರವಾಹ. ಸತ್ತವರ ಲೆಕ್ಕ 4 ಲಕ್ಷದಿಂದ 20 ಲಕ್ಷದವರೆಗೂ ಹೇಳ್ತಾರೆ. ಅದನ್ನ ನೋಡಿ ಬದುಕಿದವರೇ ಒಂಬತ್ತು ವರ್ಷದ ನಂತರ ಅಕ್ಕಿ ಮೂಟೆ ತಳ್ಳಿದ್ದು. ಇನ್ನೊಂದು ಕಾರಣ ಭೂಮಿ. 1953ರ ಡಿಸೆಂಬರ್‌ನಲ್ಲಿ ಭೂಸುಧಾರಣೆ ಕಾನೂನು ಬಂತು. ಉಳುವವನಿಗೆ ನೆಲ ಅನ್ನೋ ಮಾತು. ನಮಗೂ ಹೊಸದಲ್ಲ.

ನೆಲ ಸಿಕ್ಕಿತು, ಹೌದು. ಆದರೆ ಜಮೀನುದಾರ ಅಂತ ಹಣೆಪಟ್ಟಿ ಹಚ್ಚಿ ಸಾವಿರಾರು ಜನರನ್ನ ಕೊಂದರು, ಅದರಲ್ಲಿ ಏನೂ ತಪ್ಪು ಮಾಡದವರೂ, ಸ್ವಾತಂತ್ರ್ಯಕ್ಕೆ ದುಡಿದವರೂ ಇದ್ದರು. 1956ರ ಅಕ್ಟೋಬರ್‌ನಲ್ಲಿ ನಮ್ಮಿಂದ ತಪ್ಪಾಗಿದೆ ಅಂತ ಜನರ ಮುಂದೆ ನಿಂತು ಒಪ್ಪಿಕೊಂಡ ನಾಯಕ ಯಾರು ಗೊತ್ತಾ? ಅದೇ ಜಾಪ್. ಮೂಟೆ ತಳ್ಳಿದವರಲ್ಲಿ ಯಾರಿಗೆ ಎಷ್ಟು ನೆಲ ಬಂತು, ಯಾರ ಮನೇಲಿ ಯಾರು ಹೋದ್ರು ಅಂತ ಆ ಕಪ್ಪು ಬಿಳುಪು ಫೋಟೋ ಹೇಳಲ್ಲ. ಮುಖಗಳೂ ಸರಿಯಾಗಿ ಕಾಣಲ್ಲ, ಮೂಟೆಗಳೇ ಅಡ್ಡ.

ಕೊನೇ ಫೋಟೋ ಮಾರನೇ ದಿನ ಬೆಳಿಗ್ಗೆದು. ಸಣ್ಣ ಮಳೆ. ಒಬ್ಬ ಹೆಂಗಸು ಸೈಕಲ್ಲಿನ ಎರಡೂ ಕಡೆ ಭತ್ತದ ಸಸಿ ಕಟ್ಟುಗಳನ್ನ ನೇತುಹಾಕಿಕೊಂಡು ಪಕ್ಕದಲ್ಲಿ ನಡೀತಿದ್ರು. ಮೋರಿ ಹತ್ತಿರದ ಏರಿನಲ್ಲಿ ಚಕ್ರ ಕೆಸರಲ್ಲಿ ಹೂತು ನಿಂತು ಹೋಯ್ತು. ನಾನು ಹಿಂದಿನಿಂದ ಕ್ಯಾರಿಯರ್ ಹಿಡಿದು ತಳ್ಳಿದೆ. ಮೇಲೆ ಬಂದ ಮೇಲೆ ಅವರು ಏನೇನೋ ಹೇಳಿದ್ರು. ನನಗೆ ಅರ್ಥ ಆಗಿದ್ದು ಧನ್ಯವಾದ ಅನ್ನೋ ಒಂದೇ ಮಾತು. ಆಮೇಲೆ ನನ್ನ ಸೈಕಲ್ಲಿನ ಬ್ರೇಕ್ ಕಡೆ ಬೆರಳು ತೋರಿಸಿ ನಕ್ಕರು.