ಬಾತುಕೊಕ್ಕಿನ ಪ್ರಾಣಿಯೂ ಹೊಳೆದಂಡೆಯ ಜನರೂ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಿರಿಯರ ನುಡಿ. ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಾಣಿಶಾಸ್ತ್ರಜ್ಞರಾದ ಜಾರ್ಜ್ ಷಾ ಅವರು ಈ ನುಡಿಯನ್ನು ಅಕ್ಷರಶಃ ಪಾಲಿಸಿದರೆಂದು ಹೇಳಬಹುದು. 1798ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಸಾಹತಿನ ಗವರ್ನರ್ ಜಾನ್ ಹಂಟರ್ ಅವರು ವಿಚಿತ್ರ ಪ್ರಾಣಿಯೊಂದರ ಚರ್ಮವನ್ನು ಇಂಗ್ಲೆಂಡಿಗೆ ಕಳುಹಿಸಿದರು. ಮರುವರ್ಷ ಅಂತಹುದೇ ಒಣಚರ್ಮವೊಂದನ್ನು ಪರೀಕ್ಷಿಸಿದ ಷಾ ಅವರಿಗೆ ತಮ್ಮ ಕಣ್ಣುಗಳ ಮೇಲೆಯೇ ನಂಬಿಕೆ ಬರಲಿಲ್ಲ. ಮೈಮೇಲೆ ದಟ್ಟವಾದ ಕೂದಲು, ಬಾತುಕೋಳಿಯಂತಹ ಕೊಕ್ಕು, ಬೆರಳುಗಳ ನಡುವೆ ಪೊರೆ, ಚಪ್ಪಟೆಯಾದ ಬಾಲ! ಯಾರೋ ಕುಶಲಿಗರು ನಾಲ್ಕುಕಾಲಿನ ಪ್ರಾಣಿಗೆ ಹಕ್ಕಿಯ ಕೊಕ್ಕನ್ನು ಹೊಲಿದು ಮೋಸ ಮಾಡಿರಬಹುದೆಂದು ಅವರು ಶಂಕಿಸಿದರು. ಹೊಲಿಗೆ ಕಾಣಲಿಲ್ಲ. ಆ ಪ್ರಾಣಿಯೇ ಪ್ಲಾಟಿಪಸ್.

ಪೂರ್ವ ಆಸ್ಟ್ರೇಲಿಯಾದ ಮತ್ತು ಟಾಸ್ಮೇನಿಯಾ ದ್ವೀಪದ ಸಿಹಿನೀರಿನ ಹೊಳೆಗಳೇ ಇದರ ವಾಸಸ್ಥಾನ. ಹಗಲಿನಲ್ಲಿ ಬಹುಮಟ್ಟಿಗೆ ದಡದ ಬಿಲದಲ್ಲಿದ್ದು, ಸಂಜೆಯ ಮೇಲೆ ನೀರಿಗಿಳಿದು, ತಳದ ಹುಳುಹುಪ್ಪಟೆಗಳನ್ನು ತಿಂದು ಬದುಕುತ್ತದೆ. ಮುಳುಗಿದಾಗ ಕಣ್ಣು, ಕಿವಿ, ಮೂಗುಗಳು ಮುಚ್ಚಿಕೊಳ್ಳುತ್ತವೆ. ಬೇಟೆಯ ದೇಹದಿಂದ ಹೊಮ್ಮುವ ಅತಿ ಸೂಕ್ಷ್ಮವಾದ ವಿದ್ಯುತ್ತನ್ನು ಕೊಕ್ಕೇ ಗ್ರಹಿಸುತ್ತದೆ. ಮೊಟ್ಟೆಯಿಟ್ಟು ಮರಿಮಾಡಿ, ಆ ಮರಿಗೆ ಹಾಲೂಡಿಸುವುದು ಇದರ ಮತ್ತೊಂದು ವೈಶಿಷ್ಟ್ಯ.

ಈ ಮೊಟ್ಟೆಯ ವಿಷಯವೇ ಯೂರೋಪಿನ ವಿದ್ವಾಂಸರಲ್ಲಿ ಎಂಬತ್ತು ವರ್ಷಗಳಿಗೂ ಮಿಕ್ಕಿದ ವಾಗ್ವಾದಕ್ಕೆ ಕಾರಣವಾಯಿತು. ಹಾಲುಳ್ಳ ಪ್ರಾಣಿ ಮೊಟ್ಟೆಯಿಡುವುದು ಸಾಧ್ಯವೇ ಇಲ್ಲವೆಂದು ಕೆಲವರು, ಇದಕ್ಕೆ ಹಾಲೇ ಇಲ್ಲವೆಂದು ಕೆಲವರು ವಾದಿಸಿದರು. 1832ರಲ್ಲಿ ಜಾರ್ಜ್ ಬೆನೆಟ್ ಎಂಬ ವೈದ್ಯರು ನ್ಯೂ ಸೌತ್ ವೇಲ್ಸಿನ ಯಾಸ್ ಪ್ರದೇಶಕ್ಕೆ ಹೋಗಿ ಅಲ್ಲಿಯ ಮೂಲನಿವಾಸಿಗಳನ್ನು ವಿಚಾರಿಸಿದರು. ಪ್ಲಾಟಿಪಸ್ಸನ್ನು ಮಲ್ಲಂಗಾಂಗ್ ಎಂದು ಕರೆಯುತ್ತಿದ್ದ ಆ ಜನರಲ್ಲಿ ಕೆಲವರು ಅದು ಮೊಟ್ಟೆಯಿಡುತ್ತದೆಂದೇ ಹೇಳಿದರು. ಬೆನೆಟ್ ಆ ಮಾತನ್ನು ಒಪ್ಪಲಿಲ್ಲ. 1884ರಲ್ಲಿ ವಿಲಿಯಂ ಕಾಲ್ಡ್‌ವೆಲ್ ಎಂಬ ತರುಣ ವಿಜ್ಞಾನಿ ಕ್ವೀನ್ಸ್‌ಲೆಂಡಿನ ಬರ್ನೆಟ್ ನದಿಯ ದಂಡೆಯಲ್ಲಿ ಬೀಡುಬಿಟ್ಟು, ನೂರಕ್ಕೂ ಹೆಚ್ಚು ಮೂಲನಿವಾಸಿಗಳ ದುಡಿಮೆಯಿಂದ ಶೋಧ ನಡೆಸಿ, ಮೊಟ್ಟೆಯನ್ನು ಕಣ್ಣಾರೆ ಕಂಡು, ಮಾಂಟ್ರಿಯಲ್ಲಿನಲ್ಲಿ ನೆರೆದಿದ್ದ ವಿದ್ವತ್ಸಭೆಗೆ ತಂತಿ ಕಳುಹಿಸಿದರು. ದಂಡೆಯ ಜನ ಹೇಳಿದ್ದೇ ಸತ್ಯವಾಗಿತ್ತು. ಆದರೆ ಕೀರ್ತಿ ತಂತಿ ಕಳುಹಿಸಿದವರಿಗೆ ಸಂದಿತು. ಹುಡುಕಿಕೊಟ್ಟವರ ಹೆಸರು ಯಾರ ಬಾಯಲ್ಲಿಯೂ ಉಳಿಯಲಿಲ್ಲ.

ವಿದ್ವಾಂಸರು ಹೀಗೆ ವಾದಿಸುತ್ತಿದ್ದಾಗ ಬೇಟೆಗಾರರು ಕೈಕಟ್ಟಿ ಕುಳಿತಿರಲಿಲ್ಲ. ನುಣುಪಾದ, ನೀರಿಳಿಯದ ಆ ತುಪ್ಪಳಿನಿಂದ ಹೊದಿಕೆ ಮತ್ತು ಟೊಪ್ಪಿಗೆಗಳಾದವು. ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳೊಳಗೆ ಪ್ಲಾಟಿಪಸ್ ಇರುವ ರಾಜ್ಯಗಳೆಲ್ಲವೂ ಅದನ್ನು ಕೊಲ್ಲುವುದನ್ನು ನಿಷೇಧಿಸಿದವು. ಕೋವಿಯ ಭಯ ಕಡಿಮೆಯಾಯಿತು. ಆದರೆ ಮೀನುಬಲೆಗೆ ಸಿಕ್ಕು ಮುಳುಗಿ ಸಾಯುವುದು ತಪ್ಪಲಿಲ್ಲ.

ಇದನ್ನು ಸಾಕಿ ಉಳಿಸಬಹುದೇ ಎಂಬ ಪ್ರಯತ್ನವೂ ನಡೆಯಿತು. ಹ್ಯಾರಿ ಬರೆಲ್ ಎಂಬವರು ಬಿಲ ಮತ್ತು ಕೊಳಗಳುಳ್ಳ ವಿಶೇಷ ಗೂಡೊಂದನ್ನು ನಿರ್ಮಿಸಿ, 1910ರಲ್ಲಿ ಸಿಡ್ನಿಯ ಮೃಗಶಾಲೆಯಲ್ಲಿ ಜೀವಂತ ಪ್ಲಾಟಿಪಸ್ಸನ್ನು ಜನರಿಗೆ ತೋರಿಸಿದರು. 1922ರಲ್ಲಿ ಅಮೆರಿಕಕ್ಕೆ ಹೊರಟ 5 ಪ್ರಾಣಿಗಳಲ್ಲಿ ನ್ಯೂಯಾರ್ಕನ್ನು ಮುಟ್ಟಿದ್ದು ಒಂದೇ. ಅದೂ ಏಳು ವಾರಗಳಷ್ಟು ಕಾಲ ಮಾತ್ರ ಬದುಕಿತು. ಕೊನೆಗೆ ವಿಕ್ಟೋರಿಯಾ ರಾಜ್ಯದ ಹೀಲ್ಸ್‌ವಿಲ್ ಅಭಯಧಾಮದಲ್ಲಿ ಡೇವಿಡ್ ಫ್ಲೇ ಅವರ ತಾಳ್ಮೆ ಫಲಿಸಿತು. 1943ರಲ್ಲಿ ಅವರು ಸಾಕಿದ ಜಾಕ್ ಮತ್ತು ಜಿಲ್ ಎಂಬ ಜೋಡಿ ಕೂಡಿತು. ಜಿಲ್ ಬಿಲವನ್ನು ಮಣ್ಣಿನಿಂದ ಮುಚ್ಚಿಕೊಂಡು ಒಳಸೇರಿತು. 1944ರ ಆರಂಭದಲ್ಲಿ ಬಿಲವನ್ನು ತೆರೆದು ನೋಡಿದಾಗ ಜೀವಂತವಾದ ಮರಿ ಕಂಡಿತು. ಮನುಷ್ಯನ ಆಶ್ರಯದಲ್ಲಿ ಪ್ಲಾಟಿಪಸ್ ಮರಿಹಾಕಿದ್ದು ಅದೇ ಮೊದಲು. ಹೀಲ್ಸ್‌ವಿಲ್ಲಿನಲ್ಲಿಯೇ ಮುಂದಿನ ಮರಿಗಳು ಹುಟ್ಟಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಈ ಪ್ರಾಣಿಯನ್ನು ಉಳಿಸಬೇಕಾದರೆ ಹೊಳೆಯನ್ನೇ ಉಳಿಸಬೇಕು, ಬೇರೆ ಮಾರ್ಗವಿಲ್ಲ.

ಹೊಳೆಯನ್ನು ಉಳಿಸುವವರು ಯಾರು? ಸೀಗಡಿಯಂತಹ ಯಾಬಿ ಎಂಬ ಜಲಚರವನ್ನು ಹಿಡಿಯಲು ಆ ದೇಶದಲ್ಲಿ ಮುಚ್ಚುಬಲೆಯೊಂದು ಬಳಕೆಗೆ ಬಂದಿತು. ಆಕಾರದಲ್ಲಿ ಸಿಡ್ನಿಯ ಪ್ರಸಿದ್ಧ ಒಪೆರಾ ಹೌಸನ್ನು ಹೋಲುವುದರಿಂದ ಅದಕ್ಕೆ ಆ ಕಟ್ಟಡದ ಹೆಸರೇ ಬಂದಿದೆ. ಒಳಹೊಕ್ಕ ಪ್ಲಾಟಿಪಸ್ ಹೊರಬರಲಾರದೆ, ಉಸಿರಿಗಾಗಿ ಮೇಲೇಳಲಾರದೆ, ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ. ಹಲವು ವರ್ಷಗಳ ಜನಾಗ್ರಹದ ಫಲವಾಗಿ ವಿಕ್ಟೋರಿಯಾ ರಾಜ್ಯವು 2019ರಲ್ಲಿ, ನ್ಯೂ ಸೌತ್ ವೇಲ್ಸ್ 2021ರಲ್ಲಿ ಈ ಬಲೆಯನ್ನು ನಿಷೇಧಿಸಿದವು. ಆಳುವವರು ಕಾನೂನು ಬರೆಯಬಹುದು; ಆದರೆ ನೀರಿನೊಳಗಿನ ಬಲೆಯನ್ನು ಕಾಣಬಲ್ಲವನು ದಂಡೆಯವನೇ. ಅಲ್ಲಿಯ ರೈತರೂ ಊರ ಸಂಘಗಳೂ ದನಗಳು ದಡವನ್ನು ತುಳಿಯದಂತೆ ಬೇಲಿ ಹಾಕಿ, ಬಿಲದ ಮಣ್ಣನ್ನು ಬೇರುಗಳು ಹಿಡಿದಿಡಲೆಂದು ನಾಡಗಿಡಗಳನ್ನು ನೆಡುತ್ತಿರುವರು. ಪ್ರಾಣಿಯ ಕುತ್ತಿಗೆಗೆ ಸಿಕ್ಕಿಕೊಳ್ಳುವ ರಬ್ಬರ್ ಉಂಗುರಗಳನ್ನು ಆಯ್ದು ತೆಗೆಯುತ್ತಿರುವರು. 2021ರಲ್ಲಿ ವಿಕ್ಟೋರಿಯಾದ ಸಾಮಾನ್ಯ ಜನರು ಸಾವಿರಕ್ಕೂ ಮಿಕ್ಕಿದ ಕಡೆಗಳಲ್ಲಿ ಹೊಳೆಯ ನೀರನ್ನು ಸಂಗ್ರಹಿಸಿದರು. ಪ್ರಾಣಿಯ ಮೈಯಿಂದ ನೀರಿಗೆ ಸೇರುವ ವಂಶದ್ರವ್ಯವನ್ನು ಪ್ರಯೋಗಾಲಯದಲ್ಲಿ ಗುರುತಿಸಿ, ಅದು ಎಲ್ಲಿದೆ, ಎಲ್ಲಿಲ್ಲ ಎಂಬುದನ್ನು ವಿಜ್ಞಾನಿಗಳು ಈಗ ತಿಳಿಯಬಲ್ಲರು. 2023ರಲ್ಲಿ, ಸಿಡ್ನಿಯ ಬಳಿ ದಶಕಗಳಿಂದ ಪ್ಲಾಟಿಪಸ್ ಕಾಣದಿದ್ದ ರಾಯಲ್ ನ್ಯಾಷನಲ್ ಪಾರ್ಕಿನ ಹೊಳೆಗೆ 10 ಪ್ರಾಣಿಗಳನ್ನು ತಂದುಬಿಟ್ಟರು. ಅನಂತರದ ಪರೀಕ್ಷೆಯಲ್ಲಿ ಅಲ್ಲಿಯೇ ಹುಟ್ಟಿದ ಮರಿಯೂ ಸಿಕ್ಕಿತು. ಒಮ್ಮೆ ಹಳ್ಳದವರ ಮಾತನ್ನು ನಂಬದಿದ್ದ ವಿಜ್ಞಾನವು ಇಂದು ಅವರ ಕೈಯ ನೀರಿನ ಸೀಸೆಯನ್ನೇ ನಂಬಿ ನಡೆಯುತ್ತಿದೆ. ಹಾಗೆಂದು ಅಪಾಯ ಕಳೆದಿಲ್ಲ. ಅದೇ 2021ರಲ್ಲಿ ವಿಕ್ಟೋರಿಯಾ ರಾಜ್ಯವು ಪ್ಲಾಟಿಪಸ್ಸನ್ನು ಅಪಾಯಕ್ಕೀಡಾದ ಪ್ರಾಣಿಗಳ ಪಟ್ಟಿಗೆ ಸೇರಿಸಿತು.

ದೂರದ ಈ ವೃತ್ತಾಂತ ನಮಗೆ ಅನ್ಯವಾದುದಲ್ಲ. ಸಿಹಿನೀರಿನಲ್ಲಿ ಬಾಳುವ ಹಾಲೂಡುವ ಪ್ರಾಣಿ ನಮ್ಮಲ್ಲಿಯೂ ಉಂಟು, ಅದು ನೀರುನಾಯಿ. ತುಂಗಭದ್ರಾ ಅಣೆಕಟ್ಟಿನಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದಿಯನ್ನು ಕರ್ನಾಟಕ ಸರ್ಕಾರವು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗಾಗಿ ಮೀಸಲಿಟ್ಟಿತು. ನೀರುನಾಯಿ ಮೀನು ಕದಿಯುತ್ತದೆಂಬ ಬೆಸ್ತರ ದೂರು ಸುಳ್ಳಲ್ಲ. ಆದರೆ ಆ ಬೆಸ್ತರಷ್ಟು ಚೆನ್ನಾಗಿ ಅದರ ಬಿಲವನ್ನೂ ಹಾದಿಯನ್ನೂ ಬಲ್ಲವರು ಮತ್ತಾರಿರುವರು? ಅವರನ್ನು ಹೊರಗಿಟ್ಟು ಹೊಳೆಯನ್ನು ಕಾಯುವೆವೆಂದರೆ, ಮೊಟ್ಟೆಯ ಮಾತನ್ನು ತಳ್ಳಿಹಾಕಿದ ಹಳೆಯ ವಿದ್ವಾಂಸರ ತಪ್ಪನ್ನೇ ನಾವೂ ಮಾಡಿದಂತಾಗುವುದು. ಹೊಳೆಯ ಸುದ್ದಿಯನ್ನು ಹೊಳೆದಂಡೆಯವರಿಂದ ಕೇಳಿ ತಿಳಿಯುವುದೇ ರಕ್ಷಣೆಯ ಮೊದಲ ಪಾಠ.